ನನ್ನ ತಪ್ಪು ನನಗೆ ಕೊಡಿ

ಕಡ್ಡಿಯ ಎದುರು ಯಾರೂ ಕರ್ಮ ಅನ್ನುವ ಹಾಗಿರಲಿಲ್ಲ. ಅಂದರೆ ಮುಗಿಯಿತು. ಕೈಯಲ್ಲಿದ್ದ ಅರವನ್ನು ಮೇಜಿನ ಮೇಲೆ ಕುಕ್ಕಿ, ಕೆನ್ನೆಗೆ ಮೆತ್ತಿದ ಪ್ಲಾಸ್ಟರ್ ಪುಡಿಯನ್ನು ಮೊಣಕೈಯಲ್ಲಿ ಒರೆಸಿಕೊಂಡು, "ಯಾವ ಕರ್ಮ? ಯಾರು ಮಾಡಿದ್ದು, ಯಾವಾಗ ಮಾಡಿದ್ದು? ಗೊತ್ತಿದ್ರೆ ಹೇಳಿ. ಗೊತ್ತಿಲ್ದಿದ್ರೆ ಕಾಲು ಚಾಚಿ ಕೂತ್ಕೊಳ್ಳಿ, ಅಳತೆ ತಗೋಬೇಕು" ಅನ್ನುತ್ತಿದ್ದಳು. ಬಂದವರು ತೆಪ್ಪಗೆ ಕಾಲು ಚಾಚುತ್ತಿದ್ದರು. ಹೊಸ ಕಾಲು ಬೇಕಾದವರು ಅದನ್ನು ಮಾಡುವವಳ ಜೊತೆ ಜಗಳಕ್ಕೆ ನಿಲ್ಲುತ್ತಾರೆಯೇ?

ಅವಳ ಕೆಲಸದ ಜಾಗ ಆಸ್ಪತ್ರೆಯ ಹಿಂಬದಿಯ ಉದ್ದನೆಯ ಶೆಡ್ಡು. ಕೃತಕ ಕಾಲು ತಯಾರಾಗುವುದು ಅಲ್ಲಿ. ಒಂದು ಕಡೆ ಪ್ಲಾಸ್ಟರ್ ಕಲಸುವ ತೊಟ್ಟಿ, ಪ್ಲಾಸ್ಟಿಕ್ ಹಾಳೆ ಕಾಯಿಸುವ ಒಲೆ, ಗರಗಸ. ಇನ್ನೊಂದು ಕಡೆ ಗೋಡೆಯುದ್ದಕ್ಕೂ ಕಾಯುವವರ ಬೆಂಚು. ನಡುವೆ ಎರಡು ಕಬ್ಬಿಣದ ಕಂಬಿ, ಹೊಸ ಕಾಲು ಹಾಕಿಕೊಂಡವರು ಹಿಡಿದು ನಡೆಯುವುದಕ್ಕೆ. ಮೈ ಸಣಕಲು, ಮಾತು ಕಡ್ಡಿ ಮುರಿದ ಹಾಗೆ, ಅದಕ್ಕೇ ಅವಳನ್ನು ಎಲ್ಲರೂ ಕಡ್ಡಿ ಎಂದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು.

ಆ ಮಾತಿನ ಮೇಲೆ ಅವಳಿಗೆ ಅಷ್ಟು ಸಿಟ್ಟು ಸುಮ್ಮನೆ ಬಂದದ್ದಲ್ಲ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಕಾರ್ಖಾನೆಯ ಆಳು ಬಂದಿದ್ದ. ಯಂತ್ರದ ಬೆಲ್ಟಿಗೆ ಮುಚ್ಚಳ ಇರಲಿಲ್ಲ, ಕಾಲು ಎಳೆದುಕೊಂಡಿತ್ತು. ಮಾಲೀಕ ಹಣ್ಣಿನ ಬುಟ್ಟಿ ಹಿಡಿದುಕೊಂಡು ಆಸ್ಪತ್ರೆಗೆ ಬಂದು, ಎಲ್ಲ ಅವರವರ ಕರ್ಮ ಕಣಪ್ಪ ಎಂದು ನಿಟ್ಟುಸಿರು ಬಿಟ್ಟು ಹೋದ. ಹೋದವನು ಮುಚ್ಚಳ ಹಾಕಿಸಲಿಲ್ಲ. ಮುಂದಿನ ವರ್ಷ ಅದೇ ಯಂತ್ರಕ್ಕೆ ಕಾಲು ಕೊಟ್ಟ ಇನ್ನೊಬ್ಬ ಬಂದು ಅದೇ ಬೆಂಚಿನ ಮೇಲೆ ಕೂತು, ನನ್ನ ಕರ್ಮ ಅಂದ. ಕಡ್ಡಿಗೆ ಮೈಯೆಲ್ಲ ಉರಿಯಿತು. ಒಂದು ತಗಡಿನ ಮುಚ್ಚಳದ ಕೆಲಸವನ್ನು ಏಳು ಜನ್ಮದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದಾದರೆ ಅಂಥ ಮಾತು ತನಗೆ ಬೇಡವೇ ಬೇಡ ಎಂದು ಅವತ್ತೇ ತೀರ್ಮಾನಿಸಿದಳು.

ಆದರೆ ಮನೆಯಲ್ಲಿ ಅತ್ತೆ ಇದ್ದರಲ್ಲ. ಗಂಡನ ತಾಯಿ. ಹೊಲಿಗೆ ಅವರ ಕಸುಬು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹಳೇ ಮಷೀನು ಹಾಕಿಕೊಂಡು ಇಡೀ ಬೀದಿಯ ಅಂಗಿ, ಪೈಜಾಮ, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಗಂಡ ಸತ್ತ ಮೇಲೆ ಮಗನನ್ನು ಸಾಕಿದ್ದು ಆ ಪೆಡಲು. ದೇವರನ್ನೂ ಕರ್ಮವನ್ನೂ ಪೂರ್ತಿ ನಂಬುವ ಹೆಂಗಸು, ಹಾಗೆಂದು ಬಾಯಿಯಲ್ಲಿ ಸೊಸೆಗೆ ಒಂದು ಗುಲಗಂಜಿ ತೂಕವೂ ಕಡಿಮೆಯಿಲ್ಲ. ಸೊಸೆಯನ್ನು ಕರೆಯುತ್ತಿದ್ದದ್ದೇ ನಾಸ್ತಿಕಮ್ಮ ಎಂದು.

"ಏ ನಾಸ್ತಿಕಮ್ಮ, ದೇವರು ಬೇಡ ಅಂದ್ರೆ ಬಿಡು. ಮಾಡಿದ್ದು ಮಾಡಿದವರ ಬೆನ್ನು ಬಿಡಲ್ಲ ಅನ್ನೋದಾದ್ರೂ ಒಪ್ತೀಯೋ ಇಲ್ವೋ?"

"ಬೆನ್ನು ಬಿಡಲ್ಲ ಅನ್ನೋದಾದ್ರೆ ಆ ಕಾರ್ಖಾನೆ ಮಾಲೀಕನಿಗೆ ಇನ್ನೂ ಎರಡೂ ಕಾಲು ಹೇಗಿದೆ ಅತ್ತೆ?"

"ಮುಂದಿನ ಜನ್ಮ ಅಂತ ಒಂದಿದೆ ಕಣೇ."

"ಅಲ್ಲೀವರೆಗೆ ಕಾಯೋಕೆ ನನಗೆ ಪುರುಸೊತ್ತಿಲ್ಲ. ಬೆಂಚು ತುಂಬ ಜನ ಕೂತಿದ್ದಾರೆ."

ಊಟದ ಹೊತ್ತಿಗೆ ಇದು ದಿನನಿತ್ಯದ ವ್ಯಾಪಾರ. ಬಸ್ ಡ್ರೈವರ್ ಆಗಿದ್ದ ಗಂಡ, ನಡುವೆ ಬಾಯಿ ಹಾಕಿದರೆ ಎರಡು ಕಡೆಯಿಂದಲೂ ಬೀಳುತ್ತದೆಂದು ಗೊತ್ತಿದ್ದರಿಂದ, ತಟ್ಟೆ ಎತ್ತಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ಜಗಳವೆಂದರೆ ಜಗಳವಲ್ಲ ಅದು. ಅತ್ತೆ ಸೊಸೆ ಇಬ್ಬರಿಗೂ ಅದಿಲ್ಲದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

ಆಮೇಲೆ ಅತ್ತೆಯ ಬಲಗಾಲು ಹೋಯಿತು. ಗುಂಡಿ, ದಾರ ತರಲು ಅಂಗಡಿ ಬೀದಿಗೆ ಹೋಗಿದ್ದರು. ಸಾಮಾನು ಇಳಿಸುವ ವ್ಯಾನೊಂದು ರಿವರ್ಸ್ ಹಾಕಿ ಹಿಂದಕ್ಕೆ ಬಂತು. ಓಡಿಸುತ್ತಿದ್ದವನು ಕನ್ನಡಿ ನೋಡುವ ಬದಲು ಮೊಬೈಲ್ ನೋಡುತ್ತಿದ್ದ. ಪಾದ ಪೂರ್ತಿ ಜಜ್ಜಿಹೋಗಿತ್ತು; ಡಾಕ್ಟರು ಮಂಡಿಯಿಂದ ಒಂದು ಗೇಣು ಕೆಳಗೆ ಕತ್ತರಿಸಿದರು. ಆ ವ್ಯಾನಿನವನು ಅಳುತ್ತ ಬಂದು ಮಂಚದ ಪಕ್ಕ ನಿಂತಾಗ ಅತ್ತೆ ಅವನ ಕೈ ಹಿಡಿದುಕೊಂಡು, "ನನ್ನ ಕರ್ಮ ಕಣಪ್ಪ, ನೀನೇನು ಮಾಡ್ತೀಯ" ಎಂದರು.

"ಕನ್ನಡಿ ನೋಡಬಹುದಾಗಿತ್ತು" ಎಂದಳು ಕಡ್ಡಿ, ಮಂಚದ ಆ ಬದಿಯಿಂದ. "ಅದನ್ನ ಮಾಡಬಹುದಾಗಿತ್ತು ಅವನು."

ಗಾಯ ಮಾದ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು. ಮಷೀನು ತುಳಿಯೋಕಾಗುತ್ತಾ? ಮಗ ಮೋಟಾರು ಹಾಕಿಸುತ್ತೇನೆಂದ. "ಮೋಟಾರು ತನಗೆ ತೋಚಿದ ಹಾಗೆ ಓಡುತ್ತೆ, ನಂಗೆ ನನ್ನ ಕಾಲಲ್ಲಿ ಓಡಬೇಕು" ಎಂದು ಅವರು ಮುಖ ತಿರುಗಿಸಿದರು. ಕಡ್ಡಿ ಹೇಳಿದಳು, "ಆಗುತ್ತೆ ಅತ್ತೆ. ಮಂಡಿ ಉಳಿದಿದೆಯಲ್ಲ. ಮಂಡಿ ಇದ್ರೆ ಪೆಡಲು ತುಳೀಬಹುದು. ಮಂಡಿ ಹೋಗಿದ್ರೆ ಮಾತ್ರ ಮಷೀನು ಮರೆತುಬಿಡಿ ಅಂತಿದ್ದೆ."

ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಸ್ವಂತದವರ ಕಾಲನ್ನು ಸ್ವಂತ ಕೈಯಲ್ಲಿ ಮಾಡಬಾರದು, ಪಕ್ಕದ ಮೇಜಿನವರಿಗೆ ಕೊಡಬೇಕು. ಯಾರು ಯಾವಾಗ ಶುರು ಮಾಡಿದರೋ, ಹಳಬರೆಲ್ಲ ಪಾಲಿಸುತ್ತಿದ್ದರು. ಶೆಡ್ಡಿನ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡ ಸಾರ್, ಅವಳನ್ನು ಕರೆದು ನೆನಪಿಸಿದರು. ಕಡ್ಡಿ ಕೇಳಲಿಲ್ಲ. "ನಮ್ಮತ್ತೆ ಕಾಲು ಇನ್ನೊಬ್ಬರು ಮಾಡೋದಾದ್ರೆ ನಾನು ಇಷ್ಟು ವರ್ಷ ಇಲ್ಲಿ ಏನು ಕಡಿದು ಕಟ್ಟೆ ಹಾಕಿದೆ ಸಾರ್? ಇದೆಲ್ಲ ಮೂಢನಂಬಿಕೆ" ಎಂದಳು, ಇಡೀ ಬೆಂಚಿಗೆ ಕೇಳಿಸುವ ಹಾಗೆ. ದೊಡ್ಡ ಸಾರ್ ಭುಜ ಹಾರಿಸಿ ತಮ್ಮ ಕೋಣೆಗೆ ಹೋದರು.

ಇಲ್ಲೊಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಉಳಿದ ಮೋಟುಗಾಲು ಕೂರುವ ಗೂಡಿಗೆ ಅವರು ಸಾಕೆಟ್ ಅನ್ನುತ್ತಾರೆ. ಮೋಟುಗಾಲಿನ ತುದಿಯಲ್ಲಿ ಕತ್ತರಿಸಿದ ಮೂಳೆ ಇರುತ್ತದೆ, ಅದು ಭಾರ ತಡೆಯದು. ಭಾರ ತಡೆಯುವುದು ಮಂಡಿಚಿಪ್ಪಿನ ಕೆಳಗೆ, ಬೆರಳಿಟ್ಟರೆ ಹಗ್ಗದ ಹಾಗೆ ಸಿಗುವ ಗಟ್ಟಿ ಜಾಗ. ಹಸಿ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಗಟ್ಟಿಯಾಗುವವರೆಗೆ ಎರಡು ಹೆಬ್ಬೆರಳನ್ನು ಅಲ್ಲಿ ಬಲವಾಗಿ ಒತ್ತಿ ಹಿಡಿಯಬೇಕು. ಆಮೇಲೆ ತೆಗೆದ ಅಚ್ಚಿನಲ್ಲೂ ಅದೇ ಜಾಗವನ್ನು ಅರದಿಂದ ಉಜ್ಜಿ ಇನ್ನಷ್ಟು ತಗ್ಗು ಮಾಡಬೇಕು. ಆ ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆ ಕಾಯಿಸಿ ಹೊದಿಸಿ ಮಾಡಿದ ಸಾಕೆಟ್ಟು ಕಾಲನ್ನು ಅಲ್ಲಿ ಎತ್ತಿ ಹಿಡಿಯುತ್ತದೆ. ಮೊದಮೊದಲು ನೋಯುತ್ತದೆ, ಆ ನೋವು ನ್ಯಾಯದ್ದು. ಅಲ್ಲಿ ಒತ್ತದೆ ಬಿಟ್ಟರೆ ಕಾಲು ಕೆಳಕ್ಕೆ ಜಾರಿ, ಹೊರಬಾರದ ಭಾರವನ್ನು ಮೂಳೆಯ ತುದಿ ಹೊರಬೇಕಾಗುತ್ತದೆ.

ಕಡ್ಡಿ ಒತ್ತಿದಳು. ಅತ್ತೆ ಸದ್ದು ಮಾಡಲಿಲ್ಲ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡರು. ಎಷ್ಟೋ ಜನ ಕಿರುಚಿದರೂ ಕದಲದ ಹೆಬ್ಬೆರಳುಗಳು ಆ ಸೆರಗನ್ನು ನೋಡಿ ಸಡಿಲವಾದವು. ಅಚ್ಚು ಉಜ್ಜುವಾಗಲೂ ಆ ಜಾಗ ಬಂದಾಗ ಅರ ತಾನಾಗಿಯೇ ಹಗುರಾಯಿತು. ಸಾಕು, ಅತ್ತೆಯ ಚರ್ಮ ಮೆತ್ತಗಿದೆ, ಇಷ್ಟು ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಬೇರೆ ಯಾರ ಕಾಲಿಗೂ ಅವಳು ಇಷ್ಟು ಸಾಕು ಅಂದವಳಲ್ಲ.

ಹೊಸ ಕಾಲು ಹಾಕಿಕೊಂಡು ಅತ್ತೆ ಕಂಬಿ ಹಿಡಿದು ನಡೆದಾಗ ಬೆಂಚಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು. ನೋಯುತ್ತಾ ಎಂದು ಕೇಳಿದ್ದಕ್ಕೆ ಅತ್ತೆ, "ಏನಿಲ್ಲ, ಚೆನ್ನಾಗಿ ಕೂತಿದೆ" ಎಂದರು. ಮನೆಗೆ ಬಂದು ಮಷೀನಿನ ಮುಂದೆ ಕೂತು ಪೆಡಲಿನ ಮೇಲೆ ಕಾಲಿಟ್ಟರು. ಮಷೀನು ತಿರುಗಿತು. ಗಂಡ ಬಾಗಿಲ ಮರೆಗೆ ಹೋಗಿ ಕಣ್ಣು ಒರೆಸಿಕೊಂಡು ಬಂದ. ಅವತ್ತು ಕಡ್ಡಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ, ಊಟಕ್ಕೆ ಕೂತಾಗ, "ನೋಡಿದ್ರಾ ಅತ್ತೆ, ಇದು ಯಾವ ಜನ್ಮದ ಪುಣ್ಯ?" ಎಂದು ಕೆಣಕಿದಳು. ಅತ್ತೆ ನಕ್ಕರು, ತಿರುಗಿ ಒಂದು ಮಾತೂ ಆಡಲಿಲ್ಲ. ಅದನ್ನು ನೋಡಿಯಾದರೂ ಅವಳಿಗೆ ಅನುಮಾನ ಬರಬೇಕಿತ್ತು.

ಕೆಲವು ವಾರ ಹೀಗೆ ಹೋಯಿತು. ಅತ್ತೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡೇ ಕಾಲು ಬಿಚ್ಚುತ್ತಿದ್ದರು, ಕಾಲುಚೀಲವನ್ನು ತಾವೇ ಒಗೆದುಕೊಳ್ಳುತ್ತಿದ್ದರು. ಸ್ವಾಭಿಮಾನದ ಹೆಂಗಸು, ಇರಲಿ ಎಂದುಕೊಂಡಳು ಕಡ್ಡಿ. ಒಂದು ರಜೆಯ ದಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಕೂತಿದ್ದಾಗ ಮುಂದಿನ ಕೋಣೆಯ ಮಷೀನಿನ ಸದ್ದು ಕಿವಿಗೆ ಬಿತ್ತು. ಸ್ವಲ್ಪ ಓಡುವುದು, ನಿಲ್ಲುವುದು. ಮತ್ತೆ ಸ್ವಲ್ಪ ಓಡುವುದು, ನಿಲ್ಲುವುದು. ಉದ್ದನೆಯ ಹೊಲಿಗೆಯನ್ನು ಒಂದೇ ಉಸಿರಿಗೆ ಹಾಕುವ ಕೈ ಅದು. ಚಾಕು ಅಲ್ಲೇ ಬಿಟ್ಟು ಎದ್ದು ಹೋದಳು.

ಅತ್ತೆ ಮಷೀನಿನ ಮೇಲೆ ಹಣೆ ಊರಿಕೊಂಡು ಕೂತಿದ್ದರು.

"ಅತ್ತೆ, ಕಾಲು ಬಿಚ್ಚಿ."

"ಏನಾಗಿದೆ ನಿಂಗೆ? ಹೋಗು, ಒಲೆ ಮೇಲೆ ಏನೋ ಸೀಯ್ತಿದೆ."

"ಒಲೆ ಹಚ್ಚೇ ಇಲ್ಲ. ಕಾಲು ಬಿಚ್ಚಿ ಅಂದೆ."

"ನನ್ನ ಕಾಲು, ನನ್ನ ಕರ್ಮ. ಅನುಭವಿಸಬೇಕಾದ್ದು ಅನುಭವಿಸ್ತೀನಿ. ನಿಂಗೇನು?"

ಕಡ್ಡಿ ನೆಲದ ಮೇಲೆ ಕೂತು ತಾನೇ ಕೃತಕ ಕಾಲಿನ ಪಟ್ಟಿ ಬಿಚ್ಚಿದಳು. ಸಾಕೆಟ್ಟಿನಿಂದ ಕಾಲು ಹೊರಗೆ ಬರುವ ಮೊದಲೇ ವಾಸನೆ ಬಂತು. ಕಾಲುಚೀಲದ ತುದಿ ಅಂಟಿಕೊಂಡಿತ್ತು. ಮೂಳೆಯ ತುದಿಯಲ್ಲಿ ಚರ್ಮ ಒಡೆದು, ಒಳಗೆ ಬೆರಳು ಹೋಗುವಷ್ಟು ಹುಣ್ಣಾಗಿತ್ತು. ಮಂಡಿಚಿಪ್ಪಿನ ಕೆಳಗೆ, ಒತ್ತಿದ ಗುರುತು ಕೆಂಪಾಗಿ ಕಾಣಬೇಕಾದಲ್ಲಿ, ಚರ್ಮ ಮಗುವಿನದರ ಹಾಗೆ ನುಣ್ಣಗಿತ್ತು. ಅಲ್ಲಿ ಏನೂ ತಾಗಿಯೇ ಇರಲಿಲ್ಲ. ಯಾರೂ ಹೇಳಿಕೊಡಬೇಕಾಗಿರಲಿಲ್ಲ ಅವಳಿಗೆ. ತನ್ನ ಹೆಬ್ಬೆರಳು ಎಲ್ಲಿ ಹಿಂದೆ ಸರಿದಿತ್ತೋ ಅದು ಅತ್ತೆಯ ಕಾಲಿನ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು.

ಡಾಕ್ಟರು ಹುಣ್ಣು ತೊಳೆದು, ಮದ್ದು ಕೊಟ್ಟು, ಮುಖ ಗಂಟಿಕ್ಕಿಕೊಂಡು ಹೇಳಿದರು. ಸೋಂಕು ಮೂಳೆಗೆ ಹತ್ತಿಲ್ಲ, ಬದುಕಿದಿರಿ. ಆದರೆ ಮಾದ ಮೇಲೂ ಅಲ್ಲಿನ ಚರ್ಮ ಕಾಗದದ ಹಾಗಿರುತ್ತದೆ. ಇನ್ನೊಂದು ಸಲ ಹೀಗೆ ಗಾಯವಾಗಿ, ಇನ್ನೊಂದು ಸಲ ಇವರು ಬಾಯಿ ಬಿಡದೆ ಕೂತರೆ, ಮಂಡಿಯ ಮೇಲೆ ಕತ್ತರಿಸಬೇಕಾಗುತ್ತದೆ. ಹೊಸ ಸಾಕೆಟ್ಟು ಎಷ್ಟೇ ಚೆನ್ನಾಗಿ ಮಾಡಿ, ಎಲ್ಲಿ ನೋಯುತ್ತದೆಂದು ಇವರು ಹೇಳಿದರೆ ಮಾತ್ರ ಮಂಡಿ ಉಳಿಯುತ್ತದೆ.

"ಹೇಳ್ತೀನಿ ಬಿಡಿ" ಎಂದರು ಅತ್ತೆ, ಗೋಡೆ ನೋಡುತ್ತ. ಕಡ್ಡಿಗೆ ನಂಬಿಕೆ ಬರಲಿಲ್ಲ.

ಮಾರನೆಯ ದಿನ ದೊಡ್ಡ ಸಾರ್ ಅವಳನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆಗೋದು ಆಯ್ತು ಬಿಡಮ್ಮ. ಗಾಯ ಮಾಯಲಿ, ಮಧ್ಯಾಹ್ನ ಬೆಂಚು ಖಾಲಿ ಇರೋ ಹೊತ್ತಲ್ಲಿ ಕರ್ಕೊಂಡು ಬಾ. ಪಕ್ಕದ ಮೇಜಿನವರು ಇನ್ನೊಂದು ಮಾಡಿಕೊಡ್ತಾರೆ. ಇಲ್ಲಿ ಯಾರಿಗೂ ಹೇಳೋದು ಬೇಡ. ನಾವು ಮಾಡಿದ ಕಾಲಲ್ಲಿ ಹೀಗಾಯ್ತು ಅಂದ್ರೆ ಇವರೆಲ್ಲ ಧೈರ್ಯ ಕಳ್ಕೊಳ್ತಾರೆ. ಯಾರಾದ್ರೂ ಕೇಳಿದ್ರೆ, ವಯಸ್ಸಾದವರು, ಅವರ ಕರ್ಮ ಅಂದುಬಿಡು."

ಕಡ್ಡಿ ಅವರ ಮುಖವನ್ನೇ ನೋಡಿದಳು. ಇಷ್ಟು ವರ್ಷ ಬಾಗಿಲಲ್ಲೇ ತಡೆದು ನಿಲ್ಲಿಸಿದ್ದ ಮಾತು ಈಗ ಅವಳನ್ನೇ ಕಾಪಾಡಲು ಒಳಗೆ ಬಂದು ನಿಂತಿತ್ತು. ಹೂಂ ಅಂದರೆ ಸಾಕು. ಆ ಹಣ್ಣಿನ ಬುಟ್ಟಿಯವನಿಗೂ ಹೀಗೇ ಯಾರೋ ಹೇಳಿರಬೇಕು, ಅವನೂ ಹೂಂ ಅಂದಿರಬೇಕು. ಅವಳಿಗೆ ನಾಚಿಕೆಯಾಯಿತು, ಆ ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು.

"ಅನ್ನಲ್ಲ ಸಾರ್" ಎಂದು ಎದ್ದು ಬಂದಳು.

ಮನೆಯಲ್ಲಿ ಅತ್ತೆ ಮಂಚದ ಮೇಲೆ ಕಾಲು ಎತ್ತರಿಸಿಕೊಂಡು ಕೂತು ಅಂಗಿಗೆ ಗುಂಡಿಯ ಕಾಜಾ ಹಾಕುತ್ತಿದ್ದರು. ಕೈ ಸುಮ್ಮನಿರಬಾರದಲ್ಲ. ಕಡ್ಡಿ ಚಪ್ಪಲಿ ಬಿಡದೆ ಎದುರಿಗೆ ನಿಂತಳು.

"ಅತ್ತೆ, ನಿಮ್ಮ ಹತ್ರ ಹೊಲಿಸಿದ ಅಂಗಿ ಕಂಕುಳಲ್ಲಿ ಹಿಡಿದ್ರೆ ಗಿರಾಕಿ ಏನು ಮಾಡ್ತಾರೆ?"

"ವಾಪಸ್ ತಂದು ಮುಖಕ್ಕೆ ಎಸೀತಾರೆ."

"ನನ್ನ ಕರ್ಮ ಅಂತ ಹಾಕ್ಕೊಂಡು ಓಡಾಡಲ್ವಾ?"

ಅತ್ತೆ ಸೂಜಿ ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, "ಹಾಕಿದ ದಿನವೇ ಗೊತ್ತಾಯ್ತು ಕಣೇ, ಅಳತೆ ತಪ್ಪಿದೆ ಅಂತ. ನಾನೂ ಅಳತೆ ತಗೊಳ್ಳೋಳು. ಆದ್ರೆ ಎಲ್ಲರೆದುರಿಗೆ ಹಠ ಹಿಡಿದು ಮಾಡಿದ್ದೆ ನೀನು. ಅಷ್ಟು ಜನ ಚಪ್ಪಾಳೆ ಹೊಡೀತಿದ್ರು. ನಿನ್ನ ಮುಖ ಹೇಗಿತ್ತು ಅಂತ ನೀನು ನೋಡ್ಕೊಂಡಿಲ್ಲ, ನಾನು ನೋಡಿದೀನಿ. ಚುಚ್ಚುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ? ನನ್ನ ಕರ್ಮ ಅಂದ್ಕೊಂಡೆ. ನಿನ್ನ ತಪ್ಪಿನ ಮೇಲೆ ಒಂದು ಹೊದಿಕೆ ಹಾಕ್ದೆ, ಅಷ್ಟೇ" ಎಂದರು.

ಬೇರೆ ಯಾವ ಸೊಸೆಯಾದರೂ ಅಲ್ಲೇ ಕುಸಿದು ಅವರ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಳೇನೋ. ಆದರೆ ಕಡ್ಡಿಯ ಬಾಯಿಗೆ ಬಂದದ್ದು ಬೇರೆ.

"ಯಾರು ಹೇಳಿದ್ರು ನಿಮಗೆ ಹೊದಿಸೋಕೆ? ನಾನು ನಿಮಗೆ ನೋವಾಗದೇ ಇರ್ಲಿ ಅಂತ ಕೈ ಹಿಂದೆ ತಗೊಂಡೆ. ನೀವು ನನಗೆ ನೋವಾಗದೇ ಇರ್ಲಿ ಅಂತ ಬಾಯಿ ಮುಚ್ಕೊಂಡ್ರಿ. ಇಬ್ರೂ ಒಳ್ಳೇದೇ ಮಾಡಿದ್ವಿ. ಏನಾಯ್ತು? ಬೆರಳು ಹೋಗೋಷ್ಟು ಹುಣ್ಣಾಯ್ತು. ನನ್ನ ಮನಸ್ಸು ಎಷ್ಟು ಒಳ್ಳೇದು ಅಂತ ಆ ಮೂಳೆ ಕೇಳಲಿಲ್ಲ ಅತ್ತೆ. ಕೈ ಏನು ಮಾಡ್ತು ಅಂತ ಅಷ್ಟೇ ಕೇಳಿದ್ದು."

"ಅಯ್ಯೋ ಪೆದ್ದಿ, ಇನ್ನೇನು ಮತ್ತೆ?" ಅತ್ತೆಯ ಕಣ್ಣಲ್ಲಿ ಹಳೆಯ ಮಿಂಚು ಬಂತು. "ಮಾಡಿದ್ದಕ್ಕೆ ಫಲ ಇದ್ದೇ ಇದೆ, ತಪ್ಪಿಸ್ಕೊಳ್ಳೋಕಾಗಲ್ಲ. ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದು ಇದನ್ನೇ ಅಲ್ವೇನೇ? ಕೊನೆಗೂ ದಾರಿಗೆ ಬಂದೆ ನಾಸ್ತಿಕಮ್ಮ."

"ಯಾವ ದಾರಿಗೂ ಬಂದಿಲ್ಲ. ಮಾಡಿದ್ದು ನಾನು, ಫಲ ಬಂದಿದ್ದು ನಿಮ್ಮ ಕಾಲಿಗೆ. ಇದು ಯಾವ ಲೆಕ್ಕ? ಹೇಳಿ. ನಿಮ್ಮ ಕರ್ಮದಲ್ಲಿ ಇದಕ್ಕೆ ಜಾಗ ಇದೆಯಾ?"

ಅತ್ತೆ ಪಕ್ಕಕ್ಕಿಟ್ಟ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು ಕಾಜಾ ಹಾಕತೊಡಗಿದರು.

"ಮಾಡಿದ್ದು ಎಲ್ಲೂ ಹೋಗಲ್ಲ ಅಂತೀರಲ್ಲ, ಅಷ್ಟನ್ನ ಬೇಕಾದ್ರೆ ಇಟ್ಕೊಳ್ತೀನಿ, ಕೆಲಸಕ್ಕೆ ಬರೋ ಮಾತು. ಸುಮ್ನೆ ಅನುಭವಿಸು ಅಂತೀರಲ್ಲ, ಅದನ್ನ ಮಾತ್ರ ಒಲೆಗೆ ಹಾಕ್ತೀನಿ. ನನ್ನ ತಪ್ಪು ನನಗೆ ಕೊಡಿ ಅತ್ತೆ. ಅದು ನಂದು. ನೀವು ಅದನ್ನ ನಿಮ್ಮ ಹೆಸರಿಗೆ ಬರ್ಕೊಂಡ್ರೆ ನಾನು ಅದನ್ನ ಸರಿ ಮಾಡೋದು ಹೇಗೆ?"

ಹೊತ್ತಾದ ಮೇಲೆ ಗಂಡ ಕೆಲಸ ಮುಗಿಸಿ ಬಂದಾಗ ಇಬ್ಬರೂ ಒಂದೊಂದು ಗೋಡೆ ನೋಡುತ್ತ ಕೂತಿದ್ದರು. ಅವನು ತಾನೇ ಅಡುಗೆಗೆ ಇಟ್ಟ.

ಹುಣ್ಣು ಮಾಯುವವರೆಗೆ ಕಾದರು. ಡಾಕ್ಟರು ಒಪ್ಪಿದ ದಿನ ಕಡ್ಡಿ ಅತ್ತೆಯನ್ನು ಶೆಡ್ಡಿಗೆ ಕರೆದುಕೊಂಡು ಹೋದಳು. ಖಾಲಿ ಮಧ್ಯಾಹ್ನದಲ್ಲಲ್ಲ, ಬೆಂಚು ಕಿಕ್ಕಿರಿದಿರುವ ಬೆಳಗಿನ ಹೊತ್ತಿನಲ್ಲಿ. ಅತ್ತೆ ಊರುಗೋಲಿನ ಮೇಲೆ, ಬಲಗಾಲಿನ ಕಡೆ ಸೀರೆಯ ನೆರಿಗೆ ಜೋತಾಡುತ್ತಿತ್ತು. ದೊಡ್ಡ ಸಾರ್ ಕಿಟಕಿಯಿಂದ ನೋಡಿ ತಲೆ ಚಚ್ಚಿಕೊಂಡರು.

ಕಡ್ಡಿ ಹಳೆಯ ಸಾಕೆಟ್ಟನ್ನು ಗರಗಸಕ್ಕೆ ಕೊಟ್ಟು ಉದ್ದಕ್ಕೆ ಸೀಳಿದಳು. ಎರಡು ಹೋಳನ್ನೂ ಎತ್ತಿಕೊಂಡು ಬಂದು ಬೆಂಚಿನವರ ಮುಂದೆ ನಿಂತಳು. "ಇದು ನಾನು ಮಾಡಿದ ಕಾಲು. ಅವತ್ತು ಈ ಬೆಂಚಿನವರು ಚಪ್ಪಾಳೆ ತಟ್ಟಿದ್ರಲ್ಲ, ಅದೇ. ಇಲ್ಲಿ ಒತ್ತಬೇಕಾಗಿತ್ತು, ಒತ್ತಲಿಲ್ಲ. ಕಾಲು ಕೆಳಗೆ ಜಾರಿ ಮೂಳೆ ಹತ್ರ ಹುಣ್ಣಾಯ್ತು. ಇನ್ನೊಂದ್ಸಲ ಹೀಗಾದ್ರೆ ಮಂಡಿ ಹೋಗುತ್ತೆ. ತಪ್ಪು ನಂದು."

ಬೆಂಚು ಮಿಸುಕಾಡಿತು. ಮೂಲೆಯಲ್ಲಿದ್ದ ಒಬ್ಬಳು ಮುದುಕಿ ಸಮಾಧಾನ ಹೇಳುವ ದನಿಯಲ್ಲಿ, "ನೀನು ಬೇಕೂಂತ ಮಾಡಿದ್ಯೇನಮ್ಮ? ಪಾಪ, ಅವರ ಕರ್ಮ" ಎಂದಳು. ನಾಲ್ಕಾರು ತಲೆಗಳು ಹೌದು ಹೌದು ಎಂದು ಆಡಿದವು.

ಕಡ್ಡಿ ಉತ್ತರ ಕೊಡಲು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನಿಂದ ಊರುಗೋಲು ನೆಲಕ್ಕೆ ಕುಟ್ಟಿದ ಸದ್ದು ಬಂತು.

"ಯಾರದು ಕರ್ಮ ಅಂದದ್ದು?" ಅತ್ತೆ ಮುಂದೆ ಬಂದಿದ್ದರು. "ಕರ್ಮದ ವಿಷಯ ನನಗೆ ಹೇಳಿಕೊಡಬೇಡಿ. ನಿಮ್ಮೆಲ್ಲರಿಗಿಂತ ಜಾಸ್ತಿ ನಂಬೋಳು ನಾನು, ಈಗಲೂ ನಂಬ್ತೀನಿ. ಆದ್ರೆ ಇದು ಕರ್ಮ ಅಲ್ಲ. ಇದು ನನ್ನ ಸೊಸೆ ಕೈಕೆಲಸ. ಸರಿಯಿಲ್ಲ. ಅಳತೆ ತಪ್ಪಿದೆ. ಹಾಕಿದ ದಿನವೇ ಹೇಳಬೇಕಾಗಿತ್ತು, ಹೇಳಲಿಲ್ಲ, ಆ ತಪ್ಪು ನಂದು. ಅವಳದ್ದು ಅವಳಿಗೆ, ನಂದು ನನಗೆ. ಮಧ್ಯದಲ್ಲಿ ದೇವರನ್ನ ಯಾಕೆ ಎಳೀತೀರ? ಅವನಿಗೇನು ಬೇರೆ ಕೆಲಸ ಇಲ್ವಾ?"

ಕಡ್ಡಿ ಎರಡು ಹೋಳನ್ನೂ ಮೇಜಿನ ಮೇಲಿಟ್ಟು ಅತ್ತೆಗೆ ಒಂದು ಕುರ್ಚಿ ಎಳೆದಳು.

ಬೆಂಚಿನ ನಡುವಿನಿಂದ ಒಬ್ಬ ಗಂಟಲು ಸರಿಮಾಡಿಕೊಂಡ. ಯಾವುದೋ ಕಟ್ಟಡದ ಕಾವಲುಗಾರ; ತನ್ನ ಕೃತಕ ಕಾಲಿನ ಪಟ್ಟಿ ಬದಲಾಯಿಸಿಕೊಂಡು ಹೋಗಲು ಬಂದಿದ್ದ. "ಮೇಡಂ, ಹಾಗಾದ್ರೆ ನಂದೂ ಒಂಚೂರು ನೋಡ್ತೀರಾ? ಒಳಗಡೆ ಈ ಪಕ್ಕ ಕಚ್ಚುತ್ತೆ."

"ಎಷ್ಟು ದಿನದಿಂದ?"

"ಹಾಕಿದಾಗಿಂದ."

"ಕೇಳಿದಾಗೆಲ್ಲ ಚೆನ್ನಾಗಿದೆ ಅಂತಿದ್ರಲ್ಲ?"

ಅವನು ತಲೆ ತಗ್ಗಿಸಿಕೊಂಡು ಪಟ್ಟಿ ಬಿಚ್ಚತೊಡಗಿದ. ಅವನ ಪಕ್ಕದ ಹೆಂಗಸೂ ಬಿಚ್ಚತೊಡಗಿದಳು. ಮೂಲೆಯ ಮುದುಕಿ ಒಂದು ಕ್ಷಣ ತಡೆದು, ಸುತ್ತ ನೋಡಿ, ಸೀರೆ ಸರಿಸಿ ಬಕಲ್‌ಗೆ ಕೈ ಹಾಕಿದಳು. ಬೆಂಚಿನ ಆ ತುದಿಯಿಂದ ಈ ತುದಿಯವರೆಗೆ ಬಕಲ್ ಬಿಚ್ಚುವ ಸದ್ದು. ಚಿವುಟುತ್ತೆ, ತಿರುಗುತ್ತೆ, ಮೆಟ್ಟಿಲು ಹತ್ತೋವಾಗ ಜಾರುತ್ತೆ, ಉದ್ದ ಜಾಸ್ತಿ, ಗಿಡ್ಡ ಆಯ್ತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ದೊಡ್ಡ ಸಾರ್ ಓಡಿ ಬಂದು, "ಏನಿದು, ಎಲ್ಲರೂ ಕಾಲು ಬಿಚ್ಚಿ ಕೂತ್ರೆ ಮನೆಗೆ ಹೋಗೋದು ಹೇಗ್ರೀ?" ಎಂದು ಕೈ ಚೆಲ್ಲಿದರು. ಪಕ್ಕದ ಮೇಜಿನವರು ಆಗಲೇ ಏಪ್ರನ್ ಕಟ್ಟಿಕೊಂಡು ಕಾವಲುಗಾರನ ಮುಂದೆ ಕೂತಾಗಿತ್ತು.

"ಸಾಲು ಅಂದ್ರೆ ಸಾಲು. ಮೊದಲು ನಂದು" ಎಂದರು ಅತ್ತೆ, ಕುರ್ಚಿಯಲ್ಲಿ ಕೂರುತ್ತ. "ಮತ್ತೆ ಸಾರ್, ಇವಳೇ ಮಾಡ್ಬೇಕು. ಎಲ್ಲಿ ತಪ್ಪಿದೆ ಅಂತ ಇವಳಿಗೇ ಗೊತ್ತಿರೋದು."

ಕಡ್ಡಿ ಪ್ಲಾಸ್ಟರ್ ಪಟ್ಟಿ ನೀರಲ್ಲಿ ಅದ್ದಿ ಹಿಂಡಿ, ಮೋಟುಗಾಲಿಗೆ ಸ್ವಲ್ಪ ಸ್ವಲ್ಪವಾಗಿ ಸುತ್ತಿದಳು. ಎರಡು ಹೆಬ್ಬೆರಳನ್ನು ಮಂಡಿಚಿಪ್ಪಿನ ಕೆಳಗೆ ಇಟ್ಟಳು. ಈ ಸಲ ಸಡಿಲಿಸದೆ ಒತ್ತಿದಳು. ಅತ್ತೆಯ ದವಡೆ ಬಿಗಿಯಿತು, ಕೈ ಅಭ್ಯಾಸದ ಹಾಗೆ ಸೆರಗಿನ ತುದಿಗೆ ಹೋಯಿತು.

"ಅತ್ತೆ. ನೋಯುತ್ತಾ?"

ಏನಿಲ್ಲ ಅನ್ನುವ ಮಾತು ಅವರ ತುಟಿಯವರೆಗೆ ಬಂದದ್ದು ಕಡ್ಡಿಗೆ ಕಾಣಿಸಿತು. ಬೆಂಚಿನ ಮೇಲಿದ್ದವರೆಲ್ಲ ತಂತಮ್ಮ ಕಾಲು ತೊಡೆಯ ಮೇಲಿಟ್ಟುಕೊಂಡು ಇತ್ತಲೇ ನೋಡುತ್ತಿದ್ದರು. ಅತ್ತೆ ಸೆರಗು ಬಿಟ್ಟರು.

"ನೋಯುತ್ತೆ ಕಣೇ. ಪ್ರಾಣ ಹೋಗುತ್ತೆ."

"ತಡೆಯೋ ಥರಾನ, ತಡೀಬಾರದ ಥರಾನ?"

ಅತ್ತೆ ಕಣ್ಣು ಮುಚ್ಚಿ, ಬಟ್ಟೆಯ ಸುಕ್ಕು ಹುಡುಕುವವರ ಹಾಗೆ ಯೋಚಿಸಿದರು. "ಮೇಲೆ ತಡೀಬಹುದು. ಕೆಳಗೆ, ಎಡಗಡೆ, ನಿನ್ನ ಕಿರುಬೆರಳು ಇದೆಯಲ್ಲ, ಅಲ್ಲಿ ಆಗಲ್ಲ. ತೆಗಿ ಅಲ್ಲಿಂದ."

ಕಡ್ಡಿ ಕಿರುಬೆರಳು ಸರಿಸಿದಳು. "ಈಗ?"

"ಈಗ ಒತ್ತು" ಎಂದರು ಅತ್ತೆ, ಇಡೀ ಶೆಡ್ಡಿಗೆ ಕೇಳಿಸುವ ಹಾಗೆ. "ಹೆದರಬೇಡ, ಚೆನ್ನಾಗಿ ಒತ್ತು. ನೋವಾದ್ರೆ ನಾನು ಹೇಳ್ತೀನಿ."